ದತ್ತಿ ಸ್ಕಾಲರ್‌ಶಿಪ್ ಬೇಕೇ? ಮೊದಲು ನಿಮ್ಮ ಕೆಲಸ ತೋರಿಸಿ

ಸಿನಿಮಾ, ಅನಿಮೇಷನ್, ನಾಟಕ, ಚಿತ್ರಕಲೆ ಓದುವವರಿಗೆ ಫೀಸು ಕಟ್ಟಿದ ಮಾತ್ರಕ್ಕೆ ಖರ್ಚು ಮುಗಿಯುವುದಿಲ್ಲ. ಕ್ಯಾಮೆರಾ ಬಾಡಿಗೆ, ಹಾರ್ಡ್ ಡಿಸ್ಕ್, ಬಣ್ಣ, ಶೂಟಿಂಗ್ ದಿನದ ಊಟ ಎಲ್ಲಕ್ಕೂ ಕೈಯಿಂದಲೇ ಹಾಕಬೇಕು. ದತ್ತಿ ಸ್ಕಾಲರ್‌ಶಿಪ್ ಈ ಭಾರ ಇಳಿಸುತ್ತದೆ. ಜೊತೆಗೆ ಮೆಂಟರ್, ಅಂದರೆ ದಾರಿ ತೋರಿಸುವ ಹಿರಿಯ ಕಲಾವಿದರು, ಕೂಡ ಸಿಗುವುದಾದರೆ ಬಿಡಲೇಬೇಡಿ.

ಮೊದಲು ಷರತ್ತು ಓದಿ. ದಾನಿ ಕೊಟ್ಟ ಅಸಲನ್ನು ಮುಟ್ಟದೆ ಹೂಡಿಕೆ ಮಾಡಿ, ಅದರಿಂದ ಬಂದದ್ದರಲ್ಲಿ ಒಂದು ಪಾಲನ್ನು ಪ್ರತಿ ವರ್ಷ ಕೊಡುವುದೇ ದತ್ತಿಯ ಲೆಕ್ಕ. ಸಾಮಾನ್ಯವಾಗಿ ಇದು ನಿಧಿಯ ಶೇ 4ರಿಂದ 5ರಷ್ಟು. ಹಾಗಾಗಿ ಎಷ್ಟೋ ಕಡೆ ಸಿಗುವುದು ಒಬ್ಬಿಬ್ಬರಿಗೆ ಮಾತ್ರ. ಸಂಕಲನ ಕಲಿಯುವವರಿಗೆ ಎಂದು ದಾನಿ ಬರೆದಿಟ್ಟಿದ್ದರೆ ಛಾಯಾಗ್ರಹಣದವರು ಅರ್ಜಿ ಹಾಕಿ ಪ್ರಯೋಜನವಿಲ್ಲ.

ಇನ್ನು ಕೆಲಸದ ಮಾದರಿ. ಜಾಸ್ತಿ ಸಮಯ ಇದಕ್ಕೇ ಕೊಡಿ. ಎಲ್ಲಕ್ಕಿಂತ ಗಟ್ಟಿಯಾದ ದೃಶ್ಯ ಮೊದಲು ಬರಲಿ. ಆಯ್ಕೆ ಮಾಡುವವರ ಮುಂದೆ ರಾಶಿ ಅರ್ಜಿಗಳಿರುತ್ತವೆ, ಅಲ್ವಾ? ಗೆಳೆಯರ ಜೊತೆ ಮಾಡಿದ ಚಿತ್ರವಾದರೆ ನೀವು ಮಾಡಿದ್ದೇನು ಎಂದು ಒಂದು ಸಾಲು ಬರೆಯಿರಿ. ಹಕ್ಕು ಪಡೆಯದ ಹಾಡು ಹಾಕಬೇಡಿ. ವಿಡಿಯೊ ಲಿಂಕನ್ನು ಬೇರೆಯವರ ಫೋನಿನಲ್ಲಿ ತೆರೆದು ನೋಡಿ. ಪಾಸ್‌ವರ್ಡ್ ಕೊಡದೆ ಕಳಿಸಿದರೆ ಇಷ್ಟು ದಿನದ ಶ್ರಮ ಸುಮ್ನೆ ಹೋಗುತ್ತದೆ.

ಉದ್ದೇಶ ಪತ್ರದಲ್ಲಿ 'ಬಾಲ್ಯದಿಂದಲೂ ಸಿನಿಮಾ ಎಂದರೆ ಪ್ರಾಣ' ಎನ್ನುವುದು ಬೇಡ. ಯಾವ ಕಥೆ ನಿಮ್ಮನ್ನು ಬಿಡದೆ ಕಾಡುತ್ತಿದೆ, ಅದನ್ನು ಮಾಡಲು ಏನು ಕಲಿಯಬೇಕಿದೆ ಎಂದು ಹೇಳಿ. ಹಣದ ಕಷ್ಟವಿದ್ದರೆ ಸಂಕೋಚ ಬೇಡ, ಲೆಕ್ಕ ಸಮೇತ ಬರೆಯಿರಿ. ಶಿಫಾರಸು ಪತ್ರವನ್ನು ಒಂದು ತಿಂಗಳು ಮೊದಲೇ ಕೇಳಿ.

ಆಯ್ಕೆಯಾದಿರಾ? ನನ್ನ ಮಟ್ಟಿಗೆ ಹಣಕ್ಕಿಂತ ದೊಡ್ಡದು ಮೆಂಟರ್ ಕೊಡುವ ಸಮಯ. ಗಡಿಯಾರ ತಯಾರಿಸುವ ರೊಲೆಕ್ಸ್ ಕಂಪನಿಯ ಇಂಥದ್ದೇ ಕಾರ್ಯಕ್ರಮದಲ್ಲಿ 2016-17ರಲ್ಲಿ ನಿರ್ದೇಶಕ ಚೈತನ್ಯ ತಮ್ಹಾಣೆ ಅವರಿಗೆ ಮೆಕ್ಸಿಕೊದ ನಿರ್ದೇಶಕ ಅಲ್ಫಾನ್ಸೊ ಕ್ವಾರೋನ್ ಮೆಂಟರ್ ಆದರು. ಕ್ವಾರೋನ್ ಅವರ ಶೂಟಿಂಗಿಗೇ ಹೋಗಿ ತಮ್ಹಾಣೆ ಕೆಲಸ ನೋಡಿದರು. ಮುಂದೆ ತಮ್ಹಾಣೆ ಚಿತ್ರಕ್ಕೆ ಕ್ವಾರೋನ್ ಕಾರ್ಯನಿರ್ವಾಹಕ ನಿರ್ಮಾಪಕರಾಗಿ ನಿಂತರು. ಒಂದು ವರ್ಷದ ನಂಟು ಅಷ್ಟು ದೂರ ಬರಬಲ್ಲದು.

ಭೇಟಿಗೆ ಬರಿಗೈಯಲ್ಲಿ ಹೋಗಬೇಡಿ. ಅರೆಬರೆ ಸಂಕಲನವಾದರೂ ಸರಿ, ತೋರಿಸಿ. 'ಹೇಗಿದೆ ಸರ್?' ಎಂದರೆ 'ಚೆನ್ನಾಗಿದೆ' ಎಂಬ ಉತ್ತರ ಸಿಗುತ್ತದೆ, ಅಷ್ಟೆ. ಬದಲಿಗೆ 'ಈ ದೃಶ್ಯದಲ್ಲಿ ತಾಯಿ ಸುಳ್ಳು ಹೇಳುತ್ತಿದ್ದಾಳೆ ಎಂದು ನಿಮಗೆ ಯಾವಾಗ ಗೊತ್ತಾಯಿತು?' ಎಂದು ಕೇಳಿ. ಆಗ ಚಿತ್ರ ಎಲ್ಲಿ ಸೋತಿದೆ ಎಂದು ಕಾಣುತ್ತದೆ. ಹೇಳಿದ್ದನ್ನೆಲ್ಲ ಬರೆದುಕೊಳ್ಳಿ. ಎಲ್ಲವನ್ನೂ ಒಪ್ಪಬೇಕಿಲ್ಲ, ಆದರೆ ಎರಡು ದಿನ ಯೋಚಿಸದೆ ತಳ್ಳಿಹಾಕಬೇಡಿ.

ಚಿತ್ರದ ಹಕ್ಕು ಯಾರದು, ಟೈಟಲ್ ಕಾರ್ಡಿನಲ್ಲಿ ದತ್ತಿಯ ಹೆಸರು ಹೇಗೆ ಬರಬೇಕು ಎಂಬುದನ್ನು ಶುರುವಿನಲ್ಲೇ ಬರಹದಲ್ಲಿ ಪಡೆಯಿರಿ. ಚಿತ್ರ ಮುಗಿದ ಮೇಲೆ ದಾನಿಯ ಮನೆಯವರಿಗೊಂದು ಪತ್ರ ಬರೆದು, ಚಿತ್ರದ ಲಿಂಕ್ ಕಳಿಸಿ.