ಇನ್ಶೂರೆನ್ಸ್‌ನಲ್ಲಿ ಕಾರು ರಿಪೇರಿ ಆಯ್ತು, ಆದರೆ ಕೆಲಸ ಕಳಪೆ: ಈಗ ಏನು ಮಾಡಬೇಕು?

ಕಳಪೆ ರಿಪೇರಿಯ ಜಗಳದಲ್ಲಿ ಗೆಲ್ಲುತ್ತೀರೋ ಸೋಲುತ್ತೀರೋ ಅನ್ನುವುದು ಬಹುಮಟ್ಟಿಗೆ ಕಾರು ವಾಪಸ್ ತೆಗೆದುಕೊಳ್ಳುವ ಆ ಹತ್ತು ನಿಮಿಷದಲ್ಲೇ ತೀರ್ಮಾನವಾಗಿಬಿಡುತ್ತದೆ. ಸಂಜೆ ಫೋನ್ ಬರುತ್ತದೆ. ‘ಸರ್, ಗಾಡಿ ರೆಡಿ, ಬಂದು ತಗೊಂಡು ಹೋಗಿ.’ ಹೋದರೆ ಕಾರು ಬೇಸ್‌ಮೆಂಟಿನಲ್ಲಿ ಟ್ಯೂಬ್‌ಲೈಟ್ ಕೆಳಗೆ ನಿಂತಿರುತ್ತದೆ, ವಾಟರ್ ವಾಷ್ ಆಗಿ ಮೈಯೆಲ್ಲ ಇನ್ನೂ ಒದ್ದೆ. ಸರ್ವಿಸ್ ಅಡ್ವೈಸರ್ ನಾಲ್ಕೈದು ಹಾಳೆ ಮುಂದಿಡುತ್ತಾರೆ. ಅದರಲ್ಲೊಂದು ‘ಸ್ಯಾಟಿಸ್‌ಫ್ಯಾಕ್ಷನ್ ವೋಚರ್’, ಅಂದರೆ ಕೆಲಸ ನನಗೆ ತೃಪ್ತಿ ತಂದಿದೆ ಅಂತ ನೀವು ಬರೆದುಕೊಡುವ ಕಾಗದ. ಎಲ್ಲದಕ್ಕೂ ಸಹಿ ಹಾಕಿ ಬರುತ್ತೀರಿ. ಮಾರನೇ ದಿನ ಬಿಸಿಲಿಗೆ ನೋಡಿದರೆ ಹಿಂದಿನ ಡೋರ್ ಒಂದು ಬಣ್ಣ, ಡಿಕ್ಕಿ ಇನ್ನೊಂದು ಬಣ್ಣ.

ಗ್ಯಾರೇಜಿಗೆ ಫೋನ್ ಮಾಡಿದರೆ ‘ಸರ್ವೇಯರ್ ಪಾಸ್ ಮಾಡಿದ್ದೇ ಅಷ್ಟು ಸರ್’ ಅನ್ನುತ್ತಾರೆ. ಸರ್ವೇಯರ್ ಅಂದರೆ ಕಾರಿನ ಹಾನಿ ನೋಡಿ, ಯಾವ ಕೆಲಸಕ್ಕೆ ಎಷ್ಟು ಅಂತ ಇನ್ಶೂರೆನ್ಸ್ ಕಂಪನಿಗೆ ಲೆಕ್ಕ ಹಾಕಿಕೊಡುವವರು. ಇನ್ಶೂರೆನ್ಸ್ ಕಂಪನಿಗೆ ಮಾಡಿದರೆ ‘ಕೆಲಸ ಮಾಡಿದ್ದು ಗ್ಯಾರೇಜ್, ಅವರನ್ನೇ ಕೇಳಿ’ ಅನ್ನುತ್ತಾರೆ. ಈ ಇಬ್ಬರನ್ನೂ ಹಿಡಿದು ಕೂರಿಸುವುದು ಹೇಗೆ ಅಂತ ನೋಡೋಣ.

ಸಹಿಗೆ ಮುಂಚೆ ಕಾರು ಹೊರಗೆ ತರಿಸಿ

ಹಗಲು ಹೊತ್ತಿನಲ್ಲೇ ಹೋಗಿ. ಸಂಜೆಯ ನಂತರ ಡೆಲಿವರಿ ಬೇಡವೇ ಬೇಡ. ಒದ್ದೆ ಕಾರಿನಲ್ಲಿ ಪೇಂಟಿನ ಅರ್ಧ ದೋಷ ಕಾಣುವುದಿಲ್ಲ. ಒರೆಸಿ ಒಣಗಿಸಿ ಅಂತ ಹೇಳಿ, ಬಿಸಿಲಿಗೆ ನಿಲ್ಲಿಸಿ.

ಎದುರು ನಿಂತು ನೋಡುವುದಕ್ಕಿಂತ ಕಾರಿನ ಮೂಲೆಯಲ್ಲಿ ಸ್ವಲ್ಪ ಬಗ್ಗಿ, ಪಕ್ಕದ ಉದ್ದಕ್ಕೂ ಕಣ್ಣು ಹಾಯಿಸಿ. ಟಿಂಕರಿಂಗ್ ಸರಿಯಾಗದಿದ್ದರೆ ಡೋರ್ ಮೇಲೆ ಬಿದ್ದಿರುವ ಕಂಬದ ನೆರಳು, ಗೋಡೆಯ ಗೆರೆ ಸೊಟ್ಟಗೆ ಕಾಣುತ್ತದೆ. ಪೇಂಟ್ ಮೇಲ್ಮೈ ಕಿತ್ತಳೆ ಸಿಪ್ಪೆಯ ಹಾಗೆ ಉಬ್ಬುತಗ್ಗಾಗಿದೆಯಾ, ಎಲ್ಲಾದರೂ ಪೇಂಟ್ ಇಳಿದು ಹನಿ ನಿಂತಿದೆಯಾ, ಧೂಳಿನ ಕಣ ಸಿಕ್ಕಿಕೊಂಡಿದೆಯಾ ನೋಡಿ. ರಬ್ಬರ್ ಬೀಡಿಂಗ್, ಗಾಜಿನ ಅಂಚು, ಟೈರ್ ಮೇಲೆ ಸ್ಪ್ರೇ ಹಾರಿದೆಯಾ ಅಂತಲೂ ನೋಡಿ. ಮಾಸ್ಕಿಂಗ್ ಸರಿಯಾಗಿ ಮಾಡದ ಗ್ಯಾರೇಜು ಬೇರೆ ಕೆಲಸವನ್ನೂ ಹಾಗೇ ಮಾಡಿರುವ ಸಾಧ್ಯತೆ ಜಾಸ್ತಿ.

ಬಣ್ಣದ ವಿಷಯದಲ್ಲಿ ಒಂದು ಮಾತು. ಮೆಟಾಲಿಕ್, ಪರ್ಲ್ ಬಣ್ಣಗಳು ಟ್ಯೂಬ್‌ಲೈಟಿನಲ್ಲಿ ಒಂದೇ ಥರ ಕಂಡು ಬಿಸಿಲಿನಲ್ಲಿ ಬೇರೆ ಕಾಣುತ್ತವೆ. ಪೇಂಟ್ ಕೋಡ್ ಸರಿಯಾಗಿ ಹಾಕಿದರೂ ಹಳೇ ಪೇಂಟ್ ಬಿಸಿಲಿಗೆ ಮಾಸಿರುತ್ತದೆ. ಹಾಗಾಗಿ ಒಳ್ಳೆಯ ಪೇಂಟರ್ ಪಕ್ಕದ ಪ್ಯಾನೆಲಿಗೂ ಸ್ವಲ್ಪ ಬಣ್ಣ ಹರಡಿ ಬ್ಲೆಂಡ್ ಮಾಡುತ್ತಾರೆ. ‘ಹೊಸ ಪೇಂಟ್ ಅಲ್ವಾ ಸರ್, ಎರಡು ತಿಂಗಳಲ್ಲಿ ಸೆಟ್ ಆಗುತ್ತೆ’ ಅನ್ನುವ ಮಾತನ್ನು ನಂಬಬೇಡಿ. ಇವತ್ತು ಎದ್ದು ಕಾಣುವ ವ್ಯತ್ಯಾಸ ಎರಡು ತಿಂಗಳು ಬಿಟ್ಟರೂ ಕಾಣುತ್ತದೆ.

ಬಾನೆಟ್ ಮತ್ತು ಫೆಂಡರ್ ನಡುವಿನ ಸಂದು ಎರಡೂ ಕಡೆ ಒಂದೇ ಅಗಲ ಇರಬೇಕು. ಎಲ್ಲ ಡೋರ್ ಒಂದೊಂದು ಸಲ ಹಾಕಿ ತೆಗೆದು ಸದ್ದು ಕೇಳಿ. ಹಿಂದಿನಿಂದ ಗುದ್ದಿಸಿಕೊಂಡ ಕಾರಾದರೆ ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ಇಡುವ ಗುಂಡಿ ನೋಡಲೇಬೇಕು. ತಗಡು ಸುಕ್ಕಾಗಿದೆಯಾ, ಸೀಲಂಟ್ ಹಚ್ಚಿದ್ದಾರಾ, ಬರೀ ತಗಡು ಹಾಗೇ ಕಾಣುತ್ತಿದೆಯಾ? ಅಲ್ಲಿಯೇ ಪೈಪ್ ತರಿಸಿ ಡಿಕ್ಕಿ ಮೇಲೆ ಎರಡು ನಿಮಿಷ ನೀರು ಬಿಡಿಸಿ. ಮಂಗಳೂರು, ಮಡಿಕೇರಿ ಕಡೆಯವರಿಗೆ ಇದು ಯಾಕೆ ಅಂತ ಹೇಳಬೇಕಾಗಿಲ್ಲ.

ಪುಟ್ಟಿ ಎಷ್ಟು ಮೆತ್ತಿದ್ದಾರೆ ಅಂತ ತಿಳಿಯಲು ಪೇಂಟ್ ದಪ್ಪ ಅಳೆಯುವ ಮೀಟರ್ ಇದೆ. ಕಂಪನಿಯಿಂದ ಬಂದ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸು ಇರುತ್ತದೆ. ಮತ್ತೆ ಪೇಂಟ್ ಹೊಡೆದಿದ್ದರೆ 200 ದಾಟಬಹುದು, ಅದು ತಪ್ಪಲ್ಲ. 1,000 ಮೈಕ್ರಾನ್ ತೋರಿಸಿದರೆ ತಗಡು ನೆಟ್ಟಗೆ ಮಾಡದೆ ಪುಟ್ಟಿಯಿಂದಲೇ ತುಂಬಿದ್ದಾರೆ ಅಂತ ಅನುಮಾನ ಪಡಬಹುದು. ಮೀಟರ್ ಇಲ್ಲದಿದ್ದರೆ ತೆಳು ಬಟ್ಟೆಯಲ್ಲಿ ಸುತ್ತಿದ ಫ್ರಿಜ್ ಮ್ಯಾಗ್ನೆಟ್ ಸಾಕು. ಪುಟ್ಟಿ ದಪ್ಪ ಇದ್ದ ಕಡೆ ಅದು ನಿಲ್ಲುವುದಿಲ್ಲ. ಬಂಪರ್ ಮೇಲೆ ಇಟ್ಟು ಗಾಬರಿಯಾಗಬೇಡಿ, ಅದು ಪ್ಲಾಸ್ಟಿಕ್.

ಇನ್ನು ಹೆಡ್‌ಲೈಟ್, ಇಂಡಿಕೇಟರ್, ಪಾರ್ಕಿಂಗ್ ಸೆನ್ಸರ್, ಎಸಿ ಎಲ್ಲ ಹಾಕಿ ನೋಡಿ. ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ದೀಪ ಉರಿಯುತ್ತಿದ್ದರೆ ಕಾರು ತೆಗೆದುಕೊಳ್ಳಲೇಬೇಡಿ. ಮುಂದಿನ ಗಾಜು ಬದಲಾಗಿದ್ದು, ಅದರ ಹಿಂದೆ ಅಡಾಸ್ (ಚಾಲಕರಿಗೆ ನೆರವಾಗುವ ಸುರಕ್ಷತಾ ವ್ಯವಸ್ಥೆ) ಕ್ಯಾಮೆರಾ ಇರುವ ಕಾರಾದರೆ ಕ್ಯಾಲಿಬ್ರೇಷನ್ ಮಾಡಿದ ರಿಪೋರ್ಟ್ ಕೇಳಿ. ಕೊನೆಗೆ ಅಡ್ವೈಸರ್ ಪಕ್ಕದಲ್ಲಿ ಕೂರಿಸಿಕೊಂಡು ಒಂದೆರಡು ಕಿಲೋಮೀಟರ್ ಓಡಿಸಿ. ಸಮತಟ್ಟಾದ ರಸ್ತೆಯಲ್ಲಿ ಸ್ಟೇರಿಂಗ್ ಒಂದು ಕಡೆಗೆ ಎಳೆದರೆ ಅಲೈನ್‌ಮೆಂಟ್ ಮಾತ್ರವಲ್ಲ, ಒಳಗಿನ ಭಾಗ ಬಗ್ಗಿರುವ ಸಾಧ್ಯತೆಯೂ ಇದೆ.

ದೋಷ ಕಂಡಿತಾ? ಕಾರು ಅಲ್ಲೇ ಬಿಟ್ಟು ಬನ್ನಿ. ಕಾರು ಇಲ್ಲದೆ ಆಗುವುದೇ ಇಲ್ಲ ಅಂದರೆ, ಗೇಟ್ ಪಾಸ್‌ಗೆ ಮುಂಚೆ ಜಾಬ್ ಕಾರ್ಡ್ (ಗ್ಯಾರೇಜಿನವರು ಕೆಲಸದ ವಿವರ ಬರೆಯುವ ಹಾಳೆ) ಮತ್ತು ವೋಚರ್ ಎರಡರ ಮೇಲೂ ‘ಈ ಕೆಳಗಿನ ದೋಷಗಳು ಸರಿಯಾಗಿಲ್ಲ’ ಅಂತ ಕೈಯಲ್ಲೇ ಬರೆದು ಸಹಿ ಹಾಕಿ, ಫೋಟೊ ತೆಗೆದುಕೊಳ್ಳಿ. ಕ್ಯಾಶ್‌ಲೆಸ್ ಕ್ಲೇಮಿನಲ್ಲಿ, ಅಂದರೆ ಇನ್ಶೂರೆನ್ಸ್ ಕಂಪನಿಯೇ ನೇರವಾಗಿ ಗ್ಯಾರೇಜಿಗೆ ದುಡ್ಡು ಕಟ್ಟುವ ಕ್ಲೇಮಿನಲ್ಲಿ, ಗ್ಯಾರೇಜಿನವರಿಗೆ ಆ ದುಡ್ಡು ಬರಲು ಸಾಮಾನ್ಯವಾಗಿ ಈ ಕಾಗದ ಬೇಕು. ನಿಮ್ಮ ಕೈಯಲ್ಲಿರುವ ದೊಡ್ಡ ಹಿಡಿತ ಇದೇ.

ಆಗಲೇ ಸಹಿ ಹಾಕಿ ಬಂದಿದ್ದೀರಾ? ಕೈ ಚೆಲ್ಲಬೇಡಿ. ಡಿಸ್ಚಾರ್ಜ್ ವೋಚರಿಗೆ, ಅಂದರೆ ಕ್ಲೇಮ್ ಇತ್ಯರ್ಥವಾಯಿತು ಅಂತ ಕಂಪನಿಗೆ ಬರೆದುಕೊಡುವ ಕಾಗದಕ್ಕೆ, ಸಹಿ ಹಾಕಿದ ಮಾತ್ರಕ್ಕೆ ಪಾಲಿಸಿದಾರರು ಮುಂದೆ ನ್ಯಾಯ ಕೇಳುವ ಹಕ್ಕು ಹೋಗುವುದಿಲ್ಲ ಅಂತ ವಿಮಾ ನಿಯಂತ್ರಕ ಐಆರ್‌ಡಿಎಐ 2015ರಲ್ಲೇ ಸುತ್ತೋಲೆ ಹೊರಡಿಸಿದೆ. ಕೆಲಸ ಕಷ್ಟವಾಗುತ್ತದೆ, ಅಷ್ಟೇ.

ಮೂರು ಕಾಗದ ಪಕ್ಕಪಕ್ಕ ಇಡಿ

ಇದು ಹೆಚ್ಚಿನವರು ಮಾಡದ ಕೆಲಸ, ನನ್ನ ಪ್ರಕಾರ ಅತಿ ಮುಖ್ಯವಾದದ್ದೂ ಇದೇ. ಗ್ಯಾರೇಜಿನ ಮೊದಲ ಎಸ್ಟಿಮೇಟ್, ಸರ್ವೇಯರ್ ಪಾಸ್ ಮಾಡಿದ ಪಟ್ಟಿ, ಕೊನೆಯ ಬಿಲ್. ಈ ಮೂರನ್ನೂ ತರಿಸಿಕೊಳ್ಳಿ. ನಷ್ಟ 50,000 ರೂಪಾಯಿ ದಾಟಿದರೆ ಲೈಸೆನ್ಸ್ ಇರುವ ಸರ್ವೇಯರ್ ನೋಡಲೇಬೇಕು. ಸಣ್ಣ ಕ್ಲೇಮುಗಳನ್ನು ಈಗ ಫೋಟೊ, ವಿಡಿಯೊದಲ್ಲೇ ಮುಗಿಸುವುದೂ ಉಂಟು. ಸರ್ವೇ ರಿಪೋರ್ಟಿನ ಪ್ರತಿ ಕೇಳಿ ಪಡೆಯುವ ಹಕ್ಕು ನಿಮಗಿದೆ. ಕಂಪನಿಗೆ ಮೇಲ್ ಹಾಕಿ ಕೇಳಿ, ಫೋನಿನಲ್ಲಿ ಕೇಳಿದರೆ ಸುಮ್ನೆ ದಿನ ದೂಡುತ್ತಾರೆ.

ಈಗ ಒಂದೊಂದೇ ಸಾಲು ಕಾರಿನ ಜೊತೆ ತಾಳೆ ನೋಡಿ. ದೋಷಗಳು ಮೂರು ಬಗೆಯಾಗಿ ಬೇರ್ಪಡುತ್ತವೆ, ಪ್ರತಿಯೊಂದಕ್ಕೂ ಕೇಳಬೇಕಾದವರು ಬೇರೆ.

ಸರ್ವೇಯರ್ ‘ಹೊಸದು ಹಾಕಿ’ ಅಂತ ಪಾಸ್ ಮಾಡಿದ್ದಾರೆ, ಬಿಲ್ಲಿನಲ್ಲೂ ಹೊಸದು ಅಂತಿದೆ, ಕಾರಿನಲ್ಲಿ ಮಾತ್ರ ಹಳೇ ಫೆಂಡರನ್ನೇ ನೆಟ್ಟಗೆ ಮಾಡಿ ಪೇಂಟ್ ಹೊಡೆದಿದ್ದಾರೆ. ಇದು ಕಳಪೆ ಕೆಲಸ ಅಲ್ಲ, ಮೋಸ. ಇನ್ಶೂರೆನ್ಸ್ ಕಂಪನಿಗೂ ಮೋಸ. ಹಾಗಾಗಿ ಅವರು ತಕ್ಷಣ ಕಿವಿ ಕೊಡುವುದು ಇದಕ್ಕೇ. ಬದಲಾಯಿಸಿದ ಹಳೇ ಪಾರ್ಟ್ ತೋರಿಸಿ ಅಂತ ಗ್ಯಾರೇಜಿಗೆ ಕೇಳಿ, ಹೊಸ ಪಾರ್ಟಿನ ಲೇಬಲ್, ಪಾರ್ಟ್ ನಂಬರ್ ಕೇಳಿ. ಹೆಡ್‌ಲ್ಯಾಂಪ್, ಗಾಜು ಬದಲಾಗಿದ್ದರೆ ಅವುಗಳ ಮೇಲಿನ ಗುರುತು ಉಳಿದ ಗಾಜಿನ ಜೊತೆ ಹೋಲಿಸಿ ನೋಡಿ.

ಎರಡನೆಯದು, ಪಾಸ್ ಆಗಿದೆ, ಮಾಡಿದ್ದಾರೆ, ಆದರೆ ಕೆಟ್ಟದಾಗಿ ಮಾಡಿದ್ದಾರೆ. ಬಣ್ಣ ಕೂಡಿಲ್ಲ, ಸಂದು ಸರಿಯಿಲ್ಲ, ನೀರು ಸೋರುತ್ತದೆ. ಇದು ನೇರವಾಗಿ ಗ್ಯಾರೇಜಿನ ತಲೆಗೆ.

ಮೂರನೆಯದು, ಪಾಸೇ ಆಗಿಲ್ಲ. ಡೋರ್ ಬದಲಿಸಬೇಕಿತ್ತು, ಸರ್ವೇಯರ್ ರಿಪೇರಿ ಸಾಕು ಅಂದರು. ಅಥವಾ ಬಿಚ್ಚಿದ ಮೇಲೆ ಒಳಗೆ ಕಂಡ ಹಾನಿಗೆ ಸಪ್ಲಿಮೆಂಟರಿ ಎಸ್ಟಿಮೇಟ್ ಹಾಕಲೇ ಇಲ್ಲ. ಇಲ್ಲಿ ಗ್ಯಾರೇಜಿನವರ ಮೇಲೆ ಕೂಗಾಡಿ ಪ್ರಯೋಜನ ಇಲ್ಲ, ಕಂಪನಿಯ ಜೊತೆ ಮಾತಾಡಬೇಕು.

ಹಾಗೇ, ದುಡ್ಡು ಕಡಿತವಾದದ್ದನ್ನೆಲ್ಲ ಅನ್ಯಾಯ ಅಂದುಕೊಳ್ಳಬೇಡಿ. ಜೀರೋ ಡೆಪ್, ಅಂದರೆ ಪಾರ್ಟ್ ಹಳೆಯದಾದ ಲೆಕ್ಕಕ್ಕೆ ಸವಕಳಿ ಕಡಿಯದ ಹೆಚ್ಚುವರಿ ಕವರ್, ತೆಗೆದುಕೊಳ್ಳದಿದ್ದರೆ ಪ್ಲಾಸ್ಟಿಕ್, ರಬ್ಬರ್ ಪಾರ್ಟಿಗೆ 50% ಸವಕಳಿ, ತಗಡಿನ ಪಾರ್ಟಿಗೆ ಕಾರಿನ ವಯಸ್ಸಿನ ಮೇಲೆ ಸವಕಳಿ, ಗಾಜಿಗೆ ಏನೂ ಇಲ್ಲ ಅನ್ನುವುದು ಸಾಮಾನ್ಯ ಪಾಲಿಸಿಗಳ ಲೆಕ್ಕ. ಪೇಂಟಿಂಗ್ ಬಿಲ್ ಒಟ್ಟಾಗಿ ಕೊಟ್ಟಿದ್ದರೆ ಅದರ 25% ಪೇಂಟ್ ಸಾಮಗ್ರಿ ಅಂತ ಹಿಡಿದು, ಅದರಲ್ಲಿ ಅರ್ಧ ಕಡಿಯುತ್ತಾರೆ. ಅಂದರೆ 20,000 ರೂಪಾಯಿಯ ಪೇಂಟಿಂಗಿಗೆ ನಿಮ್ಮ ಕೈಯಿಂದ 2,500. ಇದರ ಮೇಲೆ ಕಡ್ಡಾಯ ಕಡಿತ, 1,500 ಸಿಸಿ ವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000.

ಗ್ಯಾರೇಜಿಗೆ ಬರೆದು ಕೊಡಿ, ಒಂದು ಅವಕಾಶ ಕೊಡಿ

ವಾಟ್ಸ್ಯಾಪಿನಲ್ಲಿ ಅಡ್ವೈಸರ್ ಜೊತೆ ಜಗಳ ಆಡಬೇಡಿ. ಅವರು ಮುಂದಿನ ತಿಂಗಳು ಬೇರೆ ಶೋರೂಮಿನಲ್ಲಿ ಇರಬಹುದು. ಬಾಡಿ ಶಾಪ್ ಮ್ಯಾನೇಜರಿಗೆ ಮೇಲ್ ಹಾಕಿ, ಇನ್ಶೂರೆನ್ಸ್ ಕಂಪನಿಯನ್ನು ಅದೇ ಮೇಲಿನಲ್ಲಿ ಸಿಸಿಗೆ ಹಾಕಿ. ಕ್ಲೇಮ್ ನಂಬರ್, ಜಾಬ್ ಕಾರ್ಡ್ ನಂಬರ್, ದೋಷಗಳ ಪಟ್ಟಿ, ಫೋಟೊ, ಎಷ್ಟು ದಿನದಲ್ಲಿ ಸರಿ ಮಾಡಬೇಕು ಅನ್ನುವುದು, ಇಷ್ಟು ಸಾಕು. ‘ಕೆಲಸ ಸರಿಯಿಲ್ಲ’ ಅಂತ ಬರೆದರೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ‘ಬಿಲ್ಲಿನ ನಾಲ್ಕನೇ ಸಾಲಿನಲ್ಲಿ ಎಡ ಹಿಂಬದಿ ಡೋರ್ ಪೇಂಟಿಂಗ್ ಇದೆ, ಪಕ್ಕದ ಪ್ಯಾನೆಲ್ ಜೊತೆ ಬಣ್ಣ ಕೂಡುತ್ತಿಲ್ಲ, ಫೋಟೊ 3 ನೋಡಿ’ ಅಂತ ಬರೆದರೆ ತಳ್ಳಿಹಾಕುವುದು ಅಷ್ಟು ಸುಲಭ ಅಲ್ಲ.

ಕಾರು ಕಂಪನಿಯ ಅಧಿಕೃತ ಡೀಲರ್ ಆಗಿದ್ದರೆ, ಆ ಕಾರು ಕಂಪನಿಯ ಕಸ್ಟಮರ್ ಕೇರ್‌ಗೂ ದೂರು ಹಾಕಿ. ಡೀಲರುಗಳು ಇನ್ಶೂರೆನ್ಸ್‌ನವರಿಗಿಂತ ಕಾರು ಕಂಪನಿಯ ಏರಿಯಾ ಮ್ಯಾನೇಜರಿಗೆ ಜಾಸ್ತಿ ಹೆದರುತ್ತಾರೆ.

ಸಿಟ್ಟಿನಲ್ಲಿ ಬೇರೆ ಗ್ಯಾರೇಜಿಗೆ ಹೋಗಿ ಸರಿ ಮಾಡಿಸಿಬಿಡಬೇಡಿ. ಸಾಕ್ಷಿಯೇ ಅಳಿಸಿಹೋಗುತ್ತದೆ. ಬೇರೆ ಗ್ಯಾರೇಜಿಗೆ ತೋರಿಸಿ, ಏನೇನು ತಪ್ಪಾಗಿದೆ, ಸರಿ ಮಾಡಲು ಎಷ್ಟಾಗುತ್ತದೆ ಅಂತ ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಳ್ಳಿ. ಚಾಸಿ ಬಗ್ಗಿರುವಂಥ ದೊಡ್ಡ ವಿಷಯವಾದರೆ ನಿಮ್ಮ ಖರ್ಚಿನಲ್ಲೇ ಲೈಸೆನ್ಸ್ ಇರುವ ಸರ್ವೇಯರ್ ಒಬ್ಬರಿಂದ ರಿಪೋರ್ಟ್ ಮಾಡಿಸುವುದು ಒಳ್ಳೆಯದು.

ಇಲ್ಲಿ ಒಂದು ಬಲೆ ಇದೆ. ‘ಚಿಂತೆ ಬಿಡಿ ಸರ್, ಇನ್ನೊಂದು ಕ್ಲೇಮ್ ಹಾಕಿ ಪೂರ್ತಿ ಪೇಂಟ್ ಮಾಡಿಕೊಡ್ತೀವಿ’ ಅನ್ನುತ್ತಾರೆ. ಒಪ್ಪಬೇಡಿ. ಆಗದ ಅಪಘಾತಕ್ಕೆ ಕ್ಲೇಮ್ ಹಾಕಿದರೆ ಅದು ಸುಳ್ಳು ಕ್ಲೇಮ್, ಅರ್ಜಿಗೆ ಸಹಿ ಹಾಕುವುದು ನೀವು. ಅದರ ಜೊತೆ ಜೀರೋ ಡೆಪ್ ಕ್ಲೇಮಿಗೆ ಅನೇಕ ಪಾಲಿಸಿಗಳಲ್ಲಿ ವರ್ಷಕ್ಕೆ ಇಷ್ಟೇ ಸಲ ಅಂತ ಮಿತಿ ಇರುತ್ತದೆ, ಅವರ ತಪ್ಪಿಗೆ ಅದನ್ನು ಯಾಕೆ ಕಳೆದುಕೊಳ್ಳಬೇಕು? ಗ್ಯಾರೇಜಿನ ತಪ್ಪನ್ನು ಗ್ಯಾರೇಜಿನ ಖರ್ಚಿನಲ್ಲೇ ಸರಿ ಮಾಡಬೇಕು, ಹಳೇ ಜಾಬ್ ಕಾರ್ಡಿನ ಮರುಕೆಲಸ ಅಂತಲೇ ದಾಖಲಾಗಬೇಕು.

ಇನ್ಶೂರೆನ್ಸ್ ಕಂಪನಿಯನ್ನು ಬಿಡಬೇಡಿ

‘ಗ್ಯಾರೇಜನ್ನು ಆರಿಸಿದ್ದು ನೀವು’ ಅನ್ನುವುದು ಅವರ ಮಾಮೂಲಿ ಉತ್ತರ. ನೆಟ್‌ವರ್ಕ್ ಗ್ಯಾರೇಜ್ ಅಂತ ತಮ್ಮ ಪಟ್ಟಿಯಲ್ಲಿ ಹಾಕಿದ್ದು ಅವರೇ ಅಲ್ವಾ? ನೀವೇ ಆರಿಸಿದ ಹೊರಗಿನ ಗ್ಯಾರೇಜಿನಲ್ಲಿ ಮಾಡಿಸಿ ಆಮೇಲೆ ದುಡ್ಡು ಪಡೆದಿದ್ದರೆ ಈ ವಾದ ತೆಳುವಾಗುತ್ತದೆ, ಅದು ನಿಜ. ಕ್ಯಾಶ್‌ಲೆಸ್ ಆದರೆ ಗಟ್ಟಿಯಾಗಿ ಹೇಳಬಹುದು.

ಮೊದಲು ಬರವಣಿಗೆಯಲ್ಲಿ ‘ರೀ-ಇನ್‌ಸ್ಪೆಕ್ಷನ್’ ಕೇಳಿ. ರಿಪೇರಿ ಆದ ಮೇಲೆ ಸರ್ವೇಯರ್ ಮತ್ತೆ ಬಂದು ಪಾಸ್ ಮಾಡಿದ ಕೆಲಸ ಆಗಿದೆಯಾ ಅಂತ ನೋಡುವ ವ್ಯವಸ್ಥೆ ಇದು. ಉತ್ತರ ಬರದಿದ್ದರೆ ಕಂಪನಿಯ ಗ್ರೀವೆನ್ಸ್ ಆಫೀಸರಿಗೆ ದೂರು ಕೊಡಿ. ಅಲ್ಲೂ ಆಗದಿದ್ದರೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್ಲಿದೆ, 155255ಕ್ಕೆ ಫೋನ್ ಕೂಡ ಮಾಡಬಹುದು. ಅದು ತೀರ್ಪು ಕೊಡುವ ಜಾಗ ಅಲ್ಲ, ದೂರನ್ನು ಕಂಪನಿಗೇ ಕಳಿಸುತ್ತದೆ. ಆದರೆ ನಿಯಂತ್ರಕರ ಕಣ್ಣೆದುರು ದಾಖಲಾದ ದೂರಿಗೆ ಕಂಪನಿಗಳು ಕೊಡುವ ಉತ್ತರದ ಧಾಟಿಯೇ ಬೇರೆ.

ಓಂಬುಡ್ಸ್‌ಮನ್ನೋ, ಗ್ರಾಹಕ ಆಯೋಗವೋ

ಇಲ್ಲಿ ಬಹಳ ಜನ ತಪ್ಪು ಬಾಗಿಲು ತಟ್ಟುತ್ತಾರೆ. ಇನ್ಶೂರೆನ್ಸ್ ಓಂಬುಡ್ಸ್‌ಮನ್ ಅಂದರೆ ವಿಮಾ ದೂರುಗಳನ್ನು ಇತ್ಯರ್ಥ ಮಾಡುವ ಅಧಿಕಾರಿ. ಅವರು ಕೇಳುವುದು ವಿಮಾ ಕಂಪನಿಯ ಮೇಲಿನ ದೂರನ್ನು ಮಾತ್ರ, ಗ್ಯಾರೇಜಿನ ಮೇಲಿನದ್ದಲ್ಲ. ಹಾಗಾಗಿ ನಾನು ಮೇಲೆ ಹೇಳಿದ ಮೂರನೇ ಬಗೆಯ ದೋಷಕ್ಕೆ, ಅಂದರೆ ಕಂಪನಿ ಪಾಸ್ ಮಾಡಬೇಕಿದ್ದನ್ನು ಮಾಡದಿದ್ದರೆ, ಇದು ಸರಿಯಾದ ಜಾಗ. ಕರ್ನಾಟಕಕ್ಕೆ ಕಚೇರಿ ಇರುವುದು ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿ. ಫೀಸ್ ಇಲ್ಲ, ವಕೀಲರೂ ಬೇಡ. ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟಿರಬೇಕು. ಅವರು ತಳ್ಳಿಹಾಕಿದ ಅಥವಾ ಒಂದು ತಿಂಗಳಾದರೂ ಉತ್ತರ ಕೊಡದ ನಂತರ ಒಂದು ವರ್ಷದೊಳಗೆ ಹೋಗಬೇಕು.

ಗ್ಯಾರೇಜಿನ ಕಳಪೆ ಕೆಲಸಕ್ಕೆ ಜಿಲ್ಲಾ ಗ್ರಾಹಕರ ಆಯೋಗವೇ ಗತಿ. ಮೊದಲು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಹಾಕಿ ನೋಡಿ, ಕೆಲವು ಸಲ ಅಲ್ಲಿಗೇ ಮುಗಿಯುತ್ತದೆ. ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹಾಸನದವರು ಬೆಂಗಳೂರಿನಲ್ಲಿ ರಿಪೇರಿ ಮಾಡಿಸಿದ್ದರೂ ಹಾಸನದಲ್ಲೇ ಹಾಕಬಹುದು. ಸೇವೆಗೆ ಕೊಟ್ಟ ಮೊತ್ತ 5 ಲಕ್ಷ ರೂಪಾಯಿ ದಾಟದಿದ್ದರೆ ಶುಲ್ಕ ಇಲ್ಲ. ಇ-ಜಾಗೃತಿ ಪೋರ್ಟಲ್ಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಗಡುವು ಎರಡು ವರ್ಷ. ಗ್ಯಾರೇಜು, ಇನ್ಶೂರೆನ್ಸ್ ಕಂಪನಿ ಇಬ್ಬರನ್ನೂ ಎದುರುದಾರರನ್ನಾಗಿ ಹಾಕಿ, ಆಗ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುವುದನ್ನು ಆಯೋಗವೇ ನೋಡಿಕೊಳ್ಳುತ್ತದೆ. ಆದರೆ ಇಲ್ಲಿ ಕೇಸ್ ನಡೆಯುತ್ತಿರುವಾಗ ಅದೇ ವಿಷಯಕ್ಕೆ ಓಂಬುಡ್ಸ್‌ಮನ್ ಹತ್ತಿರ ಹೋಗಲು ಬರುವುದಿಲ್ಲ, ಯಾವ ದಾರಿ ಅಂತ ಮೊದಲೇ ತೀರ್ಮಾನ ಮಾಡಿ.

ಏನು ಕೇಳಬೇಕು? ಬೇರೆ ಗ್ಯಾರೇಜಿನವರು ಬರೆದುಕೊಟ್ಟ ಮರುರಿಪೇರಿಯ ಮೊತ್ತ, ಕಾರಿಲ್ಲದ ದಿನಗಳ ಟ್ಯಾಕ್ಸಿ ಖರ್ಚು, ತೊಂದರೆಗೆ ಪರಿಹಾರ, ಕೇಸಿನ ಖರ್ಚು. ಟ್ಯಾಕ್ಸಿಗೆ ಬಿಲ್ ಬೇಕು, ಆ್ಯಪ್‌ನಲ್ಲಿ ಬುಕ್ ಮಾಡಿದ್ದರೆ ರಸೀದಿಗಳು ಇಮೇಲಿನಲ್ಲೇ ಇರುತ್ತವೆ. ಇಪ್ಪತ್ತು ಸಾವಿರದ ಪೇಂಟಿಂಗಿಗೆ ಹತ್ತು ಲಕ್ಷ ಮಾನಸಿಕ ಹಿಂಸೆ ಅಂತ ಕೇಳಬೇಡಿ. ನಿಜವಾದ ದೂರೂ ಅದರಿಂದ ಹಗುರಾಗಿ ಕಾಣುತ್ತದೆ.