ಹಿಮ ಬೀಳುವ ಹಿತ್ತಲಲ್ಲಿ ಬಾಳೆ: ನ್ಯೂಜೆರ್ಸಿಯ ಚಳಿಯಲ್ಲಿ ಗೆಡ್ಡೆ ಉಳಿಸುವ ಬಗೆ

ಚಳಿಗೆ ಎಲೆ ಕರಟಿತೆಂದರೆ ಬಾಳೆ ಸತ್ತಿತು ಎಂದಲ್ಲ. ನೆಲದ ಮೇಲೆ ಕಾಣುವ ದಿಂಡು ಎಲೆಗಳ ಬುಡ ಒಂದರೊಳಗೊಂದು ಸುತ್ತಿಕೊಂಡು ಆದ ಕಂಬ. ನಿಜವಾದ ಕಾಂಡ ಮಣ್ಣೊಳಗಿನ ಗೆಡ್ಡೆ. ಹೊಸ ಎಲೆಗಳು ಹುಟ್ಟುವುದೂ ಅಲ್ಲೇ, ಕಂದು, ಅಂದರೆ ಬುಡದ ಮರಿಗಿಡ, ಒಡೆಯುವುದೂ ಅಲ್ಲಿಂದಲೇ. ಹಾಗಾಗಿ ನ್ಯೂಜೆರ್ಸಿಯಂಥ ಕಡೆ ನವೆಂಬರಿನಿಂದ ಏಪ್ರಿಲ್‌ವರೆಗೆ ಗಮನವೆಲ್ಲ ಆ ಗೆಡ್ಡೆಯ ಮೇಲಿರಬೇಕು. ಅದು ಹೆಪ್ಪುಗಟ್ಟಬಾರದು, ಅದಕ್ಕಿಂತ ಮುಖ್ಯವಾಗಿ ಕೊಳೆಯಬಾರದು. ಬರೀ ಚಳಿಯನ್ನು ತಡೆದುಕೊಳ್ಳುವ ಗೆಡ್ಡೆ, ಚಳಿಯ ಜೊತೆಗೆ ಬುಡದಲ್ಲಿ ನೀರೂ ನಿಂತರೆ ತಡೆಯುವುದಿಲ್ಲ.

ಯಾವ ಬಾಳೆ

ಏಲಕ್ಕಿ ಬಾಳೆ, ರಸಬಾಳೆ, ಪಚ್ಚಬಾಳೆ ಯಾವುದೂ ಇಲ್ಲಿನ ನೆಲದಲ್ಲಿ ಚಳಿಗಾಲ ದಾಟುವುದಿಲ್ಲ. ಊರಿಂದ ಕಂದು ತರುವ ಆಸೆಯನ್ನೂ ಬಿಡಿ. ಪರವಾನಗಿಯಿಲ್ಲದೆ ನೆಡುವ ಗಿಡ ತಂದರೆ ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ಬಂಚಿಟಾಪ್‌ನಂಥ ನಂಜುರೋಗಗಳು ಕಂದಿನ ಮೂಲಕವೂ ಹರಡುವುದರಿಂದ ಆ ಕಟ್ಟುನಿಟ್ಟು ನ್ಯಾಯವಾದದ್ದೇ.

ಇಲ್ಲಿ ನೆಡಬೇಕಾದ್ದು ಮೂಸಾ ಬಸ್ಜೂ. ಜಪಾನಿನ ನಾರುಬಾಳೆ ಎಂಬ ಹೆಸರಿದ್ದರೂ ಇದರ ಮೂಲ ದಕ್ಷಿಣ ಚೀನಾ. ಎಲೆ ಇಬ್ಬನಿ ಹೆಪ್ಪುಗಟ್ಟುವ ಮೊದಲ ಮಂಜಿಗೇ ಕಪ್ಪಾಗುತ್ತದೆ, ಶೂನ್ಯಕ್ಕಿಂತ ನಾಲ್ಕೈದು ಡಿಗ್ರಿ ಸೆಲ್ಸಿಯಸ್ ಕೆಳಗಿಳಿದರೆ ದಿಂಡೂ ಹೋಗುತ್ತದೆ, ಆದರೆ ಸರಿಯಾಗಿ ಹೊದಿಸಿದ ಗೆಡ್ಡೆ ಬದುಕುತ್ತದೆ. ಹಣ್ಣಿನ ಆಸೆ ಬೇಡ: ಹೂ ಬಂದರೂ ಕಾಯಿ ಸಣ್ಣದು, ಒಳಗೆಲ್ಲ ಬೀಜ. ಇದನ್ನು ಬೆಳೆಸುವುದು ಎಲೆಗಾಗಿ, ನೆರಳಿಗಾಗಿ, ಗೌರಿ-ಗಣೇಶ ಹಬ್ಬದಲ್ಲಿ ಬಾಗಿಲಿಗೆ ಕಟ್ಟುವ ಎರಡು ಕಂದಿಗಾಗಿ. ಹಬ್ಬ ಬರುವ ಆಗಸ್ಟ್-ಸೆಪ್ಟೆಂಬರಿನಲ್ಲೇ ಗಿಡ ಇಲ್ಲಿ ತನ್ನ ಪೂರ್ತಿ ಎತ್ತರದಲ್ಲಿರುತ್ತದೆ.

ಕೊಳ್ಳುವಾಗ ಚೀಟಿಯಲ್ಲಿ ಸಸ್ಯಶಾಸ್ತ್ರೀಯ ಹೆಸರು ಓದಿ. 'ಚಳಿ ತಡೆಯುವ ಬಾಳೆ' ಎಂದಷ್ಟೇ ಬರೆದಿದ್ದರೆ ನಂಬಬೇಡಿ. ಎಲೆಯ ಮೇಲೆ ಕೆಂಪು ಮಚ್ಚೆಗಳಿರುವ ಕುಳ್ಳ ಗಿಡಗಳು ಸಾಮಾನ್ಯವಾಗಿ ಪಚ್ಚಬಾಳೆಯ ಜಾತಿಯವು, ಮನೆಯೊಳಗೆ ಇಡುವಂಥವು. ಬೆರಳು ಗಾತ್ರದ ಟಿಶ್ಯೂ ಕಲ್ಚರ್ ಸಸಿಗಿಂತ ಒಂದು ಗ್ಯಾಲನ್ ಕುಂಡದ ಗಿಡಕ್ಕೆ ದುಡ್ಡು ಹೆಚ್ಚು ಕೊಡುವುದು ಒಳ್ಳೆಯದು. ಮೊದಲ ಚಳಿಗಾಲಕ್ಕೆ ಮುಂಚೆ ಗೆಡ್ಡೆ ಕನಿಷ್ಠ ಮುಷ್ಟಿಯಷ್ಟಾದರೂ ದಪ್ಪವಾಗಿರಬೇಕು.

ನಿಮ್ಮ ಝೋನ್

ಅಮೆರಿಕದ ಕೃಷಿ ಇಲಾಖೆ 2023ರಲ್ಲಿ ಹೊರತಂದ ಚಳಿ ವಲಯದ ನಕ್ಷೆಯಲ್ಲಿ ಪಿನ್‌ಕೋಡ್ ಹಾಕಿ ನೋಡಿ. ಮಧ್ಯ ನ್ಯೂಜೆರ್ಸಿಯ ಬಹುಭಾಗ ಝೋನ್ 7ರಲ್ಲಿದೆ, ವಾಯವ್ಯದ ಗುಡ್ಡಗಳ ಕಡೆ 6. ಝೋನ್ 7ಎ ಎಂದರೆ ವರ್ಷದ ಅತಿ ತಣ್ಣನೆಯ ರಾತ್ರಿ ಸರಾಸರಿ 0ರಿಂದ 5 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸೆಲ್ಸಿಯಸ್‌ನಲ್ಲಿ ಮೈನಸ್ 18ರಿಂದ ಮೈನಸ್ 15. ಅದು ಸರಾಸರಿ ಮಾತ್ರ. ಕೆಲವು ವರ್ಷ ಅದಕ್ಕಿಂತ ಕೆಳಗೂ ಇಳಿಯುತ್ತದೆ, ಹೊದಿಕೆ ಹಾಕಬೇಕಾದ್ದು ಅಂಥ ವರ್ಷವನ್ನು ಲೆಕ್ಕಕ್ಕಿಟ್ಟುಕೊಂಡು.

ಜಾಗ ಮತ್ತು ನೆಡುವಿಕೆ

ದಕ್ಷಿಣಕ್ಕೋ ಪಶ್ಚಿಮಕ್ಕೋ ಮುಖ ಮಾಡಿದ ಗೋಡೆಯ ಬದಿ ಎಲ್ಲಕ್ಕಿಂತ ಒಳ್ಳೆಯದು. ಗೋಡೆ ಹಗಲಿನ ಬಿಸಿಲು ಹೀರಿಕೊಂಡು ರಾತ್ರಿ ಬಿಡುತ್ತದೆ, ಒಳಗಿನ ಹೀಟರಿನ ಬಿಸಿಯೂ ಸ್ವಲ್ಪ ತಳಪಾಯದ ಮಣ್ಣಿಗೆ ಇಳಿಯುತ್ತದೆ. ಗೋಡೆಯಿಂದ ಮೂರು ಅಡಿ ದೂರ ಬಿಡಿ. ಇನ್ನೂ ಹತ್ತಿರವಾದರೆ ಸೂರಿನ ನೀರು, ಮಾಡಿನಿಂದ ಜಾರುವ ಹಿಮ ಎರಡೂ ಗಿಡದ ತಲೆಯ ಮೇಲೇ ಬೀಳುತ್ತವೆ. ದಿನಕ್ಕೆ ಆರು ಗಂಟೆ ಬಿಸಿಲು ಬೇಕು. ಗಾಳಿಯ ದಾರಿಯಲ್ಲಿ ನೆಟ್ಟರೆ ಗಿಡ ಸಾಯದು, ಆದರೆ ಎಲೆಗಳು ಜುಲೈ ಹೊತ್ತಿಗೆ ಸೀಳಿ ಬಾಚಣಿಗೆಯಂತಾಗುತ್ತವೆ.

ಮೊದಲು ನೀರು ಇಂಗುವುದನ್ನು ಪರೀಕ್ಷಿಸಿ. ಒಂದಡಿ ಆಳದ ಗುಂಡಿಗೆ ನೀರು ತುಂಬಿಸಿ, ಅದು ಇಳಿದ ಮೇಲೆ ಮತ್ತೆ ತುಂಬಿಸಿ. ಎರಡನೆಯ ಸಲ ಗಂಟೆಗೆ ಕನಿಷ್ಠ ಒಂದು ಇಂಚು ಇಳಿಯಬೇಕು. ಇಳಿಯದಿದ್ದರೆ ಅಲ್ಲಿ ಜೇಡಿ ಇದೆ ಎಂದರ್ಥ. ಜೇಡಿಯಲ್ಲಿ ಗುಂಡಿ ತೋಡಿ ಒಳ್ಳೆ ಮಣ್ಣು ತುಂಬಿದರೆ ಆ ಗುಂಡಿ ಬಕೆಟ್ಟಿನಂತೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಅದರ ಬದಲು ನಾಲ್ಕಡಿ ಅಗಲ, ಎಂಟರಿಂದ ಹತ್ತು ಇಂಚು ಎತ್ತರದ ದಿಬ್ಬ ಮಾಡಿ ಅದರಲ್ಲಿ ನೆಡಿ.

ರಾತ್ರಿಯ ಉಷ್ಣತೆ 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಮೇಲೆ ನಿಂತ ಬಳಿಕ, ಅಂದರೆ ಮೇ ಮಧ್ಯದಿಂದ ಜೂನ್ ಕೊನೆಯೊಳಗೆ ನೆಟ್ಟು ಮುಗಿಸಿ. ಆಗಸ್ಟಿನಲ್ಲಿ ಅಂಗಡಿಯವರು ಅರ್ಧ ಬೆಲೆಗೆ ಕೊಟ್ಟರೆ ಕೊಳ್ಳಿ, ಆದರೆ ಆ ವರ್ಷ ಕುಂಡದಲ್ಲೇ ಇಟ್ಟು ಗ್ಯಾರೇಜಿನಲ್ಲಿ ಚಳಿಗಾಲ ಕಳೆಯಿಸಿ. ಗುಂಡಿಯ ಅಗಲ ಕುಂಡದ ಎರಡರಷ್ಟಿರಲಿ. ಕುಂಡದಲ್ಲಿದ್ದ ಮಟ್ಟಕ್ಕಿಂತ ಎರಡು-ಮೂರು ಇಂಚು ಆಳಕ್ಕೆ ಕೂರಿಸಿ. ಬೇರೆ ಗಿಡಗಳಿಗೆ ಇದು ಕೆಡುಕು, ಬಾಳೆಗೆ ಗೆಡ್ಡೆಯ ಮೇಲಿನ ಆ ಮಣ್ಣೇ ಮೊದಲ ಕಂಬಳಿ.

ಬೇಸಿಗೆಯಲ್ಲಿ ಬಾಳೆ ತಿನ್ನುವಷ್ಟೂ ತಿನ್ನಲಿ. ಬುಡದ ಸುತ್ತ ಎರಡು ಇಂಚು ಕಾಂಪೋಸ್ಟ್, ಮೂರು ವಾರಕ್ಕೊಮ್ಮೆ 10-10-10 (ಸಾರಜನಕ, ರಂಜಕ, ಪೊಟ್ಯಾಶ್ ಸಮವಾಗಿರುವ) ಗೊಬ್ಬರ ಚೀಲದ ಮೇಲೆ ಬರೆದ ಅಳತೆಯಲ್ಲಿ, ವಾರಕ್ಕೆ ಒಂದೂವರೆ ಇಂಚು ನೀರು. ಜುಲೈ ಸೆಕೆಯಲ್ಲಿ ಎಲೆಯ ಎರಡೂ ಅರ್ಧ ಮಧ್ಯದ ದಂಟಿನ ಕಡೆಗೆ ಮಡಚಿಕೊಂಡು ಸಂಜೆಯಾದರೂ ಬಿಚ್ಚದಿದ್ದರೆ ನೀರು ಸಾಲದು. ಆಗಸ್ಟ್ ಮಧ್ಯಕ್ಕೆ ಗೊಬ್ಬರ ನಿಲ್ಲಿಸಿಬಿಡಿ. ತಡವಾಗಿ ಹಾಕಿದ ಸಾರಜನಕದಿಂದ ನೀರು ತುಂಬಿದ ಎಳೆ ದಿಂಡು ಬೆಳೆಯುತ್ತದೆ, ಮೊದಲು ಕೊಳೆಯುವುದು ಅದೇ.

ಹೊದಿಸುವುದು

ಅಕ್ಟೋಬರಿನಲ್ಲಿ ಅವಸರಪಟ್ಟು ಕಡಿಯಬೇಡಿ. ಹಸಿರಿರುವ ತನಕ ಎಲೆ ಗೆಡ್ಡೆಗೆ ಆಹಾರ ಕಳಿಸುತ್ತಿರುತ್ತದೆ. ಮೊದಲ ಗಟ್ಟಿ ಮಂಜಿಗೆ ಎಲೆ ಕಪ್ಪಾಗಿ ಜೋತುಬಿದ್ದ ಮೇಲೆ, ಸಾಮಾನ್ಯವಾಗಿ ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದೊಳಗೆ, ಮಳೆಯಿಲ್ಲದ ದಿನ ನೋಡಿ ಕೆಲಸಕ್ಕಿಳಿಯಿರಿ.

ಕಡಿಮೆ ಶ್ರಮದ ದಾರಿ ಗೆಡ್ಡೆಯನ್ನಷ್ಟೇ ಉಳಿಸುವುದು. ದಿಂಡನ್ನು ಒಂದಡಿ ಬಿಟ್ಟು ಅಡ್ಡ ಕಡಿದು, ಸುತ್ತ ಮೂರಡಿ ಅಗಲಕ್ಕೆ ಒಂದೂವರೆ ಅಡಿ ದಪ್ಪ ತರಗೆಲೆ ರಾಶಿ ಹಾಕಿ. ಮೇಲೆ ಒಂದು ಪ್ಲೈವುಡ್ ತುಂಡನ್ನೋ ಟಾರ್ಪಾಲನ್ನೋ ಇಳಿಜಾರಾಗಿ ಇಟ್ಟು ಕಲ್ಲು ಹೇರಿ. ಮುಂದಿನ ವರ್ಷ ಗಿಡ ನೆಲಮಟ್ಟದಿಂದ ಎದ್ದು ಆಗಸ್ಟಿಗೆ ಆರರಿಂದ ಎಂಟು ಅಡಿ ಆಗುತ್ತದೆ.

ದಿಂಡನ್ನೂ ಉಳಿಸಿದರೆ ಗಿಡ ವಸಂತದಲ್ಲಿ ನಾಲ್ಕಡಿ ಎತ್ತರದಿಂದಲೇ ಶುರುಮಾಡಿ ಹನ್ನೆರಡು ಅಡಿಯವರೆಗೂ ಹೋಗಬಲ್ಲದು. ಹೂ ನೋಡಬೇಕೆಂದಿದ್ದರೂ ಇದೇ ದಾರಿ, ಏಕೆಂದರೆ ಹೂ ಬಿಡಲು ಒಂದೇ ದಿಂಡು ಒಂದಕ್ಕಿಂತ ಹೆಚ್ಚು ಬೇಸಿಗೆ ಬದುಕಬೇಕು. ಎಲೆಗಳನ್ನೆಲ್ಲ ಸವರಿ ದಿಂಡನ್ನು ನಾಲ್ಕಡಿಗೆ ಕಡಿಯಿರಿ. ಗುಂಪಿನಲ್ಲಿ ದಪ್ಪನೆಯ ಮೂರು-ನಾಲ್ಕು ದಿಂಡು ಸಾಕು, ಉಳಿದವನ್ನು ಬುಡಕ್ಕೆ ಕಡಿಯಿರಿ. ಹೊರಗಿನ ದಿಂಡುಗಳಿಂದ ಎಲ್ಲ ಕಡೆ ಒಂದಡಿ ಬಿಟ್ಟು ಐದಡಿ ಎತ್ತರದ ಕೋಳಿಬಲೆಯನ್ನು ಸುತ್ತ ನಿಲ್ಲಿಸಿ, ನಾಲ್ಕು ಗೂಟಕ್ಕೆ ಕಟ್ಟಿ. ಒಳಗೆ ಒಣ ತರಗೆಲೆ ತುಂಬಿ, ಒತ್ತಬೇಡಿ. ಚಳಿ ತಡೆಯುವುದು ಎಲೆಗಳ ನಡುವೆ ಸಿಕ್ಕಿಕೊಂಡ ಗಾಳಿ.

ಎಲೆಯ ಜಾತಿಯೂ ಮುಖ್ಯ. ಓಕ್ ಎಲೆ ಗಡುಸು, ಮಾರ್ಚಿವರೆಗೂ ಸುರುಳಿಯಾಗಿ ಬಿಡಿಬಿಡಿಯಾಗಿರುತ್ತದೆ. ಮೇಪಲ್ ಎಲೆ ನೆನೆದು ಹಪ್ಪಳದ ಕಟ್ಟಿನಂತೆ ಒಂದಕ್ಕೊಂದು ಅಂಟಿಕೊಂಡು ದಿಂಡಿನ ಮೇಲೆ ಒದ್ದೆ ಬಟ್ಟೆಯಾಗುತ್ತದೆ. ಓಕ್ ಸಿಗದಿದ್ದರೆ ಒಣಹುಲ್ಲಿನ ಸಿವುಡು ಬಳಸಿ. ಡಿಸೆಂಬರ್ ಹೊತ್ತಿಗೆ ಎಲೆ ಕುಸಿದಿರುತ್ತದೆ, ಒಂದೆರಡು ಚೀಲ ಎತ್ತಿಟ್ಟುಕೊಂಡು ಮೇಲಿಂದ ಮತ್ತೆ ತುಂಬಿ.

ಪ್ಲಾಸ್ಟಿಕ್ ತಲೆಯ ಮೇಲೆ ಮಾತ್ರ, ಪಕ್ಕಗಳಿಗೆ ಬೇಡವೇ ಬೇಡ. ಪೂರ್ತಿ ಸುತ್ತಿದರೆ ಬಿಸಿಲಿರುವ ದಿನ ಒಳಗೆ ಬೆವರಿ ರಾತ್ರಿ ಅದೇ ನೀರು ಹೆಪ್ಪುಗಟ್ಟುತ್ತದೆ. ಫೆಬ್ರವರಿಯಲ್ಲಿ ಬಿಚ್ಚಿದರೆ ಸಿಗುವುದು ನಾರುವ ಲೋಳೆ. ಇನ್ನೊಂದು ಕಾಟ ಇಲಿ ಜಾತಿಯ ವೋಲ್‌ಗಳದ್ದು. ಬೆಚ್ಚಗಿನ ತರಗೆಲೆಯಲ್ಲಿ ಗೂಡು ಕಟ್ಟಿ ಗೆಡ್ಡೆ ಕೊರೆಯುತ್ತವೆ. ಬುಡದ ಸುತ್ತ ಕಾಲು ಇಂಚು ಕಣ್ಣಿನ ಗಟ್ಟಿ ತಂತಿಬಲೆಯನ್ನು ಆರು ಇಂಚು ಮಣ್ಣೊಳಗೆ ಇಳಿಸಿ.

ಬಿಚ್ಚುವುದು

ಏಪ್ರಿಲ್ ಎರಡನೆಯ ವಾರ ಮೇಲಿನ ಹೊದಿಕೆ ತೆಗೆದು ಗಾಳಿಯಾಡಿಸಿ, ಕೊನೆಯ ವಾರ ಎಲೆಗಳನ್ನು ಅರ್ಧಕ್ಕೆ ಇಳಿಸಿ. ಮೇ ಮಧ್ಯದವರೆಗೂ ತಡವಾದ ಮಂಜು ಬೀಳಬಹುದು, ಒಂದು ಹಳೆಯ ಬೆಡ್‌ಶೀಟ್ ಕೈಗೆ ಸಿಗುವಂತೆ ಇಟ್ಟಿರಿ. ದಿಂಡಿನ ತುದಿ ಮೆತ್ತಗಾಗಿ ಕಂದುಬಣ್ಣಕ್ಕೆ ತಿರುಗಿದ್ದರೆ ಗಾಬರಿ ಬೇಡ: ಹರಿತವಾದ ಚಾಕುವಿನಿಂದ ಎರಡೆರಡು ಇಂಚಿನಂತೆ ಕೆಳಗೆ ಕತ್ತರಿಸುತ್ತ ಬನ್ನಿ, ಬಿಳಿಯ ಗಟ್ಟಿ ತಿರುಳು ಸಿಕ್ಕಲ್ಲಿ ನಿಲ್ಲಿಸಿ. ಕೆಲವು ದಿನಗಳಲ್ಲಿ ನಡುವಿನ ಸುಳಿ ಬಿಲ್ಲೆಯಂತೆ ಮೇಲೇಳುತ್ತದೆ. ನೆಲಮಟ್ಟದವರೆಗೂ ಕೊಳೆತಿದ್ದರೂ ಅಗೆದು ಬಿಸಾಡಬೇಡಿ. ಮಣ್ಣು ಬಿಸಿಯಾಗುವ ತನಕ ಕಂದು ಏಳದು. ಜೂನ್ 15ರವರೆಗೆ ಕಾಯಿರಿ.

ಬಾಳೆಯ ಜೊತೆಗೆ

ಕೆಸು ಜಾತಿಯಲ್ಲಿ 'ಪಿಂಕ್ ಚೈನಾ' ಎಂಬ ತಳಿ ಅರ್ಧ ಅಡಿ ಹೊದಿಕೆಯಡಿ ನೆಲದಲ್ಲೇ ಚಳಿಗಾಲ ಕಳೆಯುತ್ತದೆ. ಅದು ಚೆಲುವಿಗೆ ಬೆಳೆಸುವ ಕೆಸು, ಪತ್ರೊಡೆಗೆ ಕೊಯ್ಯಬೇಡಿ. ಹೂವಿಗಾಗಿ ಬೆಳೆಸುವ ಕ್ಯಾನಾ ಗಿಡದ ಗೆಡ್ಡೆಗಳನ್ನು ಎಲೆ ಕಪ್ಪಾದ ಮೇಲೆ ಅಗೆದು, ದಂಟನ್ನು ಆರು ಇಂಚಿಗೆ ಕತ್ತರಿಸಿ, ಎರಡು ದಿನ ನೆರಳಲ್ಲಿ ಒಣಗಿಸಿ, ತುಸುವೇ ಪಸೆಯಿರುವ ಪೀಟ್ ಎಂಬ ಪಾಚಿಪುಡಿಯಲ್ಲಿ ಹೂತು ಬೇಸ್‌ಮೆಂಟಿನ ತಣ್ಣನೆಯ ಮೂಲೆಯಲ್ಲಿಡಿ. ಅಮೆರಿಕದ್ದೇ ಕಾಡು ದಾಸವಾಳ ಹಿಬಿಸ್ಕಸ್ ಮಾಸ್ಕ್ಯೂಟಸ್‌ಗೆ ಯಾವ ಹೊದಿಕೆಯೂ ಬೇಡ, ತಟ್ಟೆಯಗಲದ ಹೂ ಬಿಡುತ್ತದೆ. ಆದರೆ ಮೇ ಕೊನೆಯವರೆಗೂ ಮೊಳಕೆ ತೋರಿಸದು, ಸತ್ತಿತೆಂದು ಅಗೆದವರೇ ಹೆಚ್ಚು. ಒಣ ಕಡ್ಡಿಗಳನ್ನು ಅರ್ಧ ಅಡಿ ಬಿಟ್ಟೇ ಕತ್ತರಿಸಿ, ಜಾಗದ ಗುರುತು ಉಳಿಯುತ್ತದೆ. ಜುಲೈನಲ್ಲಿ ಜಪಾನೀ ದುಂಬಿಗಳು ಕ್ಯಾನಾ, ದಾಸವಾಳ ಎರಡಕ್ಕೂ ಮುತ್ತುತ್ತವೆ. ಬೆಳಗಿನ ತಂಪಿನಲ್ಲಿ ಅವು ಜಡವಾಗಿರುವಾಗ ಸೋಪಿನ ನೀರಿನ ಬಕೆಟ್ಟಿಗೆ ತಟ್ಟಿ ಬೀಳಿಸುವುದು ಸುಲಭ.

ತಾಳೆ ಜಾತಿ ಬೇಕೆಂದರೆ ನ್ಯೂಜೆರ್ಸಿಗೆ ಸೂಜಿ ತಾಳೆಯೇ, ಅಂದರೆ ರ‍್ಯಾಪಿಡೋಫಿಲಮ್ ಹಿಸ್ಟ್ರಿಕ್ಸ್, ಸರಿ. ಕುಳ್ಳು, ಬೆಳವಣಿಗೆ ಬಲು ನಿಧಾನ, ಆದರೆ ಚಳಿ ತಡೆಯುವ ತಾಳೆಗಳಲ್ಲಿ ಮೊದಲ ಸಾಲಿನದು. ಎತ್ತರದ ಟ್ರ್ಯಾಕಿಕಾರ್ಪಸ್ ಫಾರ್ಚುನೈ ಸಿಯಾಟಲ್, ಲಂಡನ್ ಕಡೆ ಹೊದಿಕೆಯಿಲ್ಲದೆ ನಿಲ್ಲುತ್ತದೆ. ಅದರ ಬಂಧು ಟ್ರ್ಯಾಕಿಕಾರ್ಪಸ್ ಟಾಕಿಲ್ ನಮ್ಮ ಕುಮಾವೂ ಹಿಮಾಲಯದ್ದು, ಹಿಮ ಬೀಳುವ ಕಾಡಿನಲ್ಲೇ ಬೆಳೆದದ್ದು. ಝೋನ್ 7ರಲ್ಲಿ ಫಾರ್ಚುನೈಗೆ ಬಲವಾದ ಚಳಿಯ ರಾತ್ರಿಗಳಲ್ಲಿ ಬಟ್ಟೆ ಹೊದಿಕೆ, ಒಳಗೆ ಹಳೆಯ ಬಗೆಯ ಬಿಸಿಯಾಗುವ ಬಲ್ಬಿನ ಸರ ಬೇಕಾಗುತ್ತದೆ. ಎಲ್‌ಇಡಿ ಸರ ಸಾಕಷ್ಟು ಬಿಸಿ ಕೊಡದು. ಬಲ್ಬಿನ ಸರ ಹಾಕಿದಲ್ಲಿ ಒಣ ಎಲೆಯೋ ಹುಲ್ಲೋ ಇರಲೇಬಾರದು, ಬಲ್ಬು ಬಟ್ಟೆಗೂ ತಾಗಬಾರದು, ಬೆಂಕಿ ಹೊತ್ತಿಕೊಳ್ಳುತ್ತದೆ. ಮಾರ್ಚಿನಲ್ಲಿ ನಡುವಿನ ಸುಳಿ ಎಳೆದರೆ ಕೈಗೆ ಬಂದರೆ ಅದು ಕೊಳೆತಿದೆ. ಆ ತೂತಿಗೆ ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡ್ ಸುರಿದು, ನೊರೆ ಇಳಿದ ಮೇಲೆ ತಾಮ್ರದ ಶಿಲೀಂಧ್ರನಾಶಕ ಹಾಕಿ, ಮಳೆ ಬೀಳದಂತೆ ಮೇಲೆ ಮರೆ ಕಟ್ಟಿ. ಬೇಸಿಗೆ ಕಳೆಯುವುದರೊಳಗೆ ಹೊಸ ಸುಳಿ ಬರುವುದುಂಟು.

ಕಂದು ಬಿಡಿಸುವುದು

ಮೂರನೆಯ ವರ್ಷದಿಂದ ಬಾಳೆಯ ಗುಂಪು ದಟ್ಟವಾಗುತ್ತದೆ. ಹಬ್ಬಕ್ಕೆ ಕಡಿಯುವಾಗ ಹೊರಗಿನ ತೆಳು ಕಂದುಗಳನ್ನು ತೆಗೆಯಿರಿ, ನಡುವಿನ ದಪ್ಪ ದಿಂಡುಗಳನ್ನು ಚಳಿಗಾಲಕ್ಕೆ ಬಿಡಿ. ಸ್ನೇಹಿತರಿಗೆ ಕೊಡಬೇಕಾದರೆ ಜೂನ್‌ನಲ್ಲಿ, ಎರಡಡಿ ಎತ್ತರದ, ಕತ್ತಿಯಂಥ ಕಿರಿದಾದ ಎಲೆಯ ಕಂದನ್ನು ಆರಿಸಿ. ತಾಯಿಗಿಡಕ್ಕೂ ಕಂದಿಗೂ ನಡುವೆ ಮಣ್ಣು ಸರಿಸಿ, ಚೂಪಾದ ಗುದ್ದಲಿಯಿಂದ ಒಂದೇ ಏಟಿಗೆ ಕತ್ತರಿಸಿ, ಕಂದಿನ ಬುಡದಲ್ಲಿ ಗೆಡ್ಡೆಯ ತುಂಡೂ ನಾಲ್ಕಾರು ಬೇರೂ ಬರಬೇಕು. ಗಾಯವನ್ನು ಒಂದು ದಿನ ನೆರಳಲ್ಲಿ ಆರಲು ಬಿಟ್ಟು, ದೊಡ್ಡ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ ಕುಂಡಕ್ಕೆ ಹಾಕಿ. ಹೊಸ ಎಲೆ ಬಿಚ್ಚುವ ತನಕ ಮಣ್ಣು ಪಸೆಯಾಗಿದ್ದರೆ ಸಾಕು, ಕೆಸರಾಗುವಷ್ಟು ನೀರು ಬೇಡ.