ಸೋಮವಾರದ 700 ರೂಪಾಯಿ

ಮೈಸೂರಿನ ಅಗ್ರಹಾರದಲ್ಲಿ ನನ್ನದೊಂದು ಬ್ಲೌಸ್ ಹೊಲಿಯುವ ಅಂಗಡಿ. ತಿಂಗಳ ಸಂಬಳ ಇಲ್ಲದವರಿಗೆ ತಾನಾಗಿ ಹಣ ಕಡಿದು ಉಳಿಸುವ ಆ್ಯಪ್ ಸರಿಹೋಗುತ್ತಾ ಅಂತ ಕೇಳುತ್ತಾರೆ. ಸರಿಹೋಗುತ್ತದೆ. ಆದರೆ ದುಡ್ಡು ಕಡಿಯುವ ದಿನವನ್ನು ನಮ್ಮ ವ್ಯಾಪಾರ ನೋಡಿ ನಾವೇ ಇಡಬೇಕು.

ನನಗೆ ಬೇಕಿದ್ದದ್ದು ಎರಡು. ಜೂನ್‌ಗೆ ಮಗಳ ಸ್ಕೂಲ್ ಫೀಸು, ದಸರೆಗೆ ಮುಂಚೆ ಬಟ್ಟೆಯ ಅಂಚು ಬಿಚ್ಚದಂತೆ ಹೊಲಿಯುವ ಒಂದು ಓವರ್‌ಲಾಕ್ ಮೆಷಿನ್. ಟೇಬಲ್, ಮೋಟರ್ ಸೇರಿ 24 ಸಾವಿರ ಅಂದಿದ್ದರು. ಸಂಕ್ರಾಂತಿ ಕಳೆದ ಮೇಲೆ ಲೆಕ್ಕ ಹಾಕಿದೆ. ವಾರಕ್ಕೆ 700 ಇಟ್ಟರೆ ದಸರೆ ಹೊತ್ತಿಗೆ ಆಗುತ್ತದೆ.

ಮೊದಲು ನೋಡಿದ್ದು ಆ್ಯಪ್ ನನ್ನ ದುಡ್ಡನ್ನು ಎಲ್ಲಿ ಇಡುತ್ತದೆ ಅಂತ. ಚಿಲ್ಲರೆ ಕೂಡಿಸಿ ಉಳಿಸುವ ಕೆಲವು ಆ್ಯಪ್‌ಗಳು ಡಿಜಿಟಲ್ ಚಿನ್ನ ಕೊಳ್ಳುತ್ತವೆ. ಕೊಳ್ಳುವಾಗ 3% ಜಿಎಸ್‌ಟಿ. ಅಂದರೆ 100 ರೂಪಾಯಿ ಹಾಕಿದರೆ ಸುಮಾರು 97 ರೂಪಾಯಿ ಚಿನ್ನ. ಮಾರುವ ಬೆಲೆ ಕೊಳ್ಳುವ ಬೆಲೆಗಿಂತ ಕಡಿಮೆ ಬೇರೆ. ಎಂಟು ತಿಂಗಳಲ್ಲಿ ವಾಪಸ್ ಬೇಕಾದ ದುಡ್ಡಿಗೆ ಇದು ಯಾಕೆ? ಇಂಥ ಚಿನ್ನ ತನ್ನ ನಿಯಂತ್ರಣಕ್ಕೆ ಬರುವುದಿಲ್ಲ ಅಂತ 2025ರ ನವೆಂಬರ್‌ನಲ್ಲಿ ಷೇರು ಮಾರುಕಟ್ಟೆ ನಿಯಂತ್ರಿಸುವ ಸೆಬಿಯೂ ಎಚ್ಚರಿಸಿತು. ಮಗಳ ಮದುವೆಗೆ ಚಿನ್ನ ಬೇಕಾದರೆ ಅಂಗಡಿಗೇ ಹೋಗುತ್ತೇನೆ.

ಫೀಸಿಗೆ ಬ್ಯಾಂಕಿನ ಆ್ಯಪ್‌ನಲ್ಲೇ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿ ಮಾಡಿದೆ. ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಠೇವಣಿಗೆ ವಿಮೆ ಇದೆ. ಮಧ್ಯದಲ್ಲಿ ಮುರಿದರೆ ಬಡ್ಡಿ ಕಡಿಮೆಯಾಗುತ್ತದೆ, ಹಾಗಾಗಿ ಕೈ ಹಾಕಲು ಮನಸ್ಸು ಬರುವುದಿಲ್ಲ. ಅದರ ಬಗ್ಗೆ ಇಷ್ಟೇ.

ಮೆಷಿನ್ ದುಡ್ಡಿಗೆ ವಾರದ ಯುಪಿಐ ಆಟೋಪೇ, ಅಂದರೆ ಹೇಳಿದ ದಿನ ಖಾತೆಯಿಂದ ತಾನಾಗಿ ದುಡ್ಡು ಕಡಿಯುವ ಏರ್ಪಾಡು. ಹೋಗುವುದು ಲಿಕ್ವಿಡ್ ಫಂಡ್‌ಗೆ, ಅಂದರೆ ಕಡಿಮೆ ಅವಧಿಯ ಸಾಲಪತ್ರಗಳಲ್ಲಿ ಹಣ ಹಾಕುವ ಮ್ಯೂಚುವಲ್ ಫಂಡ್‌ಗೆ. ಇದಕ್ಕೆ ಬ್ಯಾಂಕಿನ ಹಾಗೆ ಗ್ಯಾರಂಟಿ ಇಲ್ಲ, ಅದು ತಿಳಿದಿರಲಿ. ಏರಿಳಿತ ಮಾತ್ರ ತೀರಾ ಕಡಿಮೆ. ಹಾಕಿದ ಏಳು ದಿನದೊಳಗೆ ತೆಗೆದರೆ ಸಣ್ಣ ಶುಲ್ಕ ಕಡಿಯುತ್ತಾರೆ. ಆಮೇಲೆ ಯಾವಾಗ ತೆಗೆದರೂ ಸಾಮಾನ್ಯವಾಗಿ ಮರು ಕೆಲಸದ ದಿನ ದುಡ್ಡು ಖಾತೆಗೆ ಬರುತ್ತದೆ.

ಸೋಮವಾರವೇ ಯಾಕೆ ಅಂದರೆ, ನಮ್ಮಲ್ಲಿ ಶನಿವಾರ, ಭಾನುವಾರವೇ ಜನ ಬಟ್ಟೆ ತೆಗೆದುಕೊಂಡು ಹೋಗುವುದು. ಕ್ಯೂಆರ್‌ಗೆ ಬಿದ್ದ ದುಡ್ಡು ಭಾನುವಾರ ರಾತ್ರಿ ಖಾತೆಯಲ್ಲಿ ಇದ್ದೇ ಇರುತ್ತದೆ. ಮಂಗಳವಾರ ದಾರ, ಲೈನಿಂಗ್ ತರಲು ಸಂತೆಪೇಟೆಗೆ ಹೊರಟರೆ ಮುಗಿಯಿತು, ಉಳಿಯುವುದಿಲ್ಲ. ಕಡಿಯುವುದಕ್ಕೆ 24 ಗಂಟೆ ಮುಂಚೆ ಮೆಸೇಜ್ ಬರುತ್ತದೆ. ಅದನ್ನು ಸುಮ್ನೆ ಒರೆಸಿ ಹಾಕಬೇಡಿ. ಖಾತೆಯಲ್ಲಿ ದುಡ್ಡಿಲ್ಲದೆ ಆಟೋಪೇ ಫೇಲ್ ಆದರೆ ಕೆಲವು ಬ್ಯಾಂಕುಗಳು ದಂಡ ಹಾಕುತ್ತವೆ.

ನಮ್ಮ ಅತ್ತೆ ಪಿಗ್ಮಿ ಕಟ್ಟಿದವರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಬ್ಯಾಂಕು 1928ರಲ್ಲಿ ಶುರು ಮಾಡಿದ್ದು ಅದು. ದಿನಕ್ಕೆ ಎರಡಾಣೆ ಕೊಟ್ಟರೂ ಬಾಗಿಲಿಗೇ ಬಂದು ಬರೆದುಕೊಳ್ಳುತ್ತಿದ್ದರಂತೆ. ನನ್ನ ಆಟೋಪೇ ನೋಡಿ ಅತ್ತೆ, "ಪಿಗ್ಮಿಯವರು ಫೋನೊಳಗೇ ಬಂದು ಕೂತಿದ್ದಾರೆ ಬಿಡಮ್ಮ" ಅಂದರು. ಹೌದು, ಆದರೆ ಇವರಿಗೆ "ನಾಳೆ ಬನ್ನಿ" ಅನ್ನುವ ಹಾಗಿಲ್ಲ ಅಲ್ವಾ?

ಅದಕ್ಕೇ ಆಷಾಢದ ಯೋಚನೆ ಮೊದಲೇ ಮಾಡಿಟ್ಟಿದ್ದೆ. ಶುಕ್ರವಾರ ಬಂತೆಂದರೆ ಊರೆಲ್ಲ ಚಾಮುಂಡಿ ಬೆಟ್ಟದಲ್ಲಿ, ನನ್ನ ಅಂಗಡಿಯಲ್ಲಿ ನೊಣ. ಮದುವೆಯೇ ಇಲ್ಲದ ತಿಂಗಳಲ್ಲಿ ಯಾರು ಬ್ಲೌಸ್ ಹೊಲಿಸುತ್ತಾರೆ? ಆ ತಿಂಗಳು ಆಟೋಪೇಯನ್ನು ತಡೆಹಿಡಿದೆ. ಆಯ್ಕೆ ಯುಪಿಐ ಆ್ಯಪ್‌ನ ಆಟೋಪೇ ಪಟ್ಟಿಯಲ್ಲೇ ಇದೆ, ಹುಡುಕಬೇಕು ಅಷ್ಟೆ. ಶ್ರಾವಣ ಬಂದ ಕೂಡಲೇ ಮತ್ತೆ ಚಾಲೂ ಮಾಡಿದೆ. ವರಮಹಾಲಕ್ಷ್ಮಿ ಹಬ್ಬದ ಆರ್ಡರ್‌ಗಳು ಬರುವ ಹೊತ್ತದು.

ಮೆಷಿನ್ ದಸರೆಗೆ ಮುಂಚೆಯೇ ಬಂತು. ಹಳೆಯ ಆಟೋಪೇ ರದ್ದು ಮಾಡಿ 300 ರೂಪಾಯಿಗೆ ಹೊಸದು ಮಾಡಿದ್ದೇನೆ. ಡಿಸೆಂಬರ್‌ಗೆ ಸ್ಕೂಟರ್ ಇನ್ಶೂರೆನ್ಸ್ ಕಟ್ಟಬೇಕು.